ಐವತ್ತು ರೂಪಾಯಿಯ ಕೇಸು

ಶಾಲೆಯವರು ಕೊಟ್ಟ ಕಾಗದದಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ಹೆಸರು, ವಿಳಾಸ, ಆಧಾರ್ ನಂಬರು, ರಕ್ತದ ಗುಂಪು. ರಕ್ತದ ಗುಂಪು ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಒಂಬತ್ತನೇ ಪ್ರಶ್ನೆಗೆ ಬಂದಾಗ ಪೆನ್ನು ನಿಂತಿತು. ‘ಈ ಮೊದಲು ಯಾವುದಾದರೂ ಕ್ರಿಮಿನಲ್ ಕೇಸಿನಲ್ಲಿ ಸೇರಿದ್ದೀರಾ? ಹೌದಾದರೆ ವಿವರ ಬರೆಯಿರಿ.’ ವಿವರಕ್ಕೆ ಬಿಟ್ಟ ಜಾಗ ಒಂದೇ ಒಂದು ಗೆರೆ.

ನನ್ನ ಕೇಸು ಆ ಒಂದು ಗೆರೆಯಲ್ಲಿ ಹಿಡಿಯುವಂಥದ್ದೇ. ‘ಕೋಳಿ ಅಂಕ, 2007, ದಂಡ 50 ರೂಪಾಯಿ.’ ಕೋಳಿ ಅಂಕ ಅಂದರೆ ಕೋಳಿಗಳ ಕಾಳಗ. ಬರೆಯಲು ಅರ್ಧ ನಿಮಿಷ ಸಾಕು. ನಾನು ಆ ಕಾಗದವನ್ನು ಮನೆಗೆ ತಂದು ನಾಲ್ಕು ದಿನ ದೇವರ ಕೋಣೆಯ ಕಪಾಟಿನಲ್ಲಿ ಇಟ್ಟೆ.

ನಾನು ವೃತ್ತಿಯಿಂದ ಮಾಷ್ಟ್ರಲ್ಲ. ಸ್ವಲ್ಪ ಅಡಿಕೆ ತೋಟ ಇದೆ, ಎರಡು ದನ ಇವೆ, ಬೆಳಗ್ಗೆ ಹಾಲು ಸೊಸೈಟಿಗೆ ಹೋಗುತ್ತದೆ. ಆದರೆ ಆಗಸ್ಟ್ ತಿಂಗಳು ಬಂತೆಂದರೆ ನಾನು ಮಾಷ್ಟ್ರಾಗುತ್ತೇನೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ನಮ್ಮ ಕಾಸರಗೋಡಿನ ಕಡೆಯ ಶಾಲೆಗಳಿಗೆ ಅದು ಮಾನದ ಪ್ರಶ್ನೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಇದೆ, ಇಲ್ಲಿಯ ಮಕ್ಕಳು ಹೆಜ್ಜೆ ತಪ್ಪಿದರೆ ಹೇಗೆ ಅಲ್ವಾ? ಹಾಗಾಗಿ ಉಪಜಿಲ್ಲಾ ಕಲೋತ್ಸವಕ್ಕೆ ಮೂರು ತಿಂಗಳ ಮೊದಲೇ ಶಾಲೆಯವರು ನಮ್ಮಂಥವರನ್ನು ಹುಡುಕಿಕೊಂಡು ಬರುತ್ತಾರೆ. ಸಂಜೆ ನಾಲ್ಕರಿಂದ ಆರರವರೆಗೆ ಕ್ಲಾಸು. ಕೊನೆಗೆ ಒಂದು ಶಾಲು, ಒಂದು ಲಕೋಟೆ. ಒಂಬತ್ತು ವರ್ಷ ಹೀಗೇ ನಡೆದಿತ್ತು. ಯಾರೂ ಯಾವ ಕಾಗದವನ್ನೂ ಕೇಳಿರಲಿಲ್ಲ.

ಆ ವರ್ಷ ಹೊಸ ಹೆಡ್ಮಾಷ್ಟ್ರು ಬಂದಿದ್ದರು. ನಿಯಮ ಅಂದರೆ ನಿಯಮ ಅನ್ನುವ ಮನುಷ್ಯ. ಅವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಮೊದಲು ಕೇಸಿನ ಕಥೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಏನೇನೋ ಊಹಿಸಿಕೊಂಡು ಓದುತ್ತೀರಿ.

2007ರ ಮಾರ್ಚ್. ನನಗೆ ಇಪ್ಪತ್ತೆರಡು. ದೈವದ ನೇಮ ಮುಗಿದ ಮರುದಿನ ಗಡಿಯ ಹತ್ತಿರದ ಒಂದು ಗುಡ್ಡದಲ್ಲಿ ಕೋಳಿ ಅಂಕ ಇತ್ತು. ಗಡಿಯ ಹತ್ತಿರ ಯಾಕೆ ಅಂದರೆ, ಈ ಕಡೆಯ ಪೊಲೀಸರು ಬಂದರೆ ಆ ಕಡೆ ಓಡಬಹುದು, ಆ ಕಡೆಯವರು ಬಂದರೆ ಈ ಕಡೆ. ಎರಡು ರಾಜ್ಯಗಳ ನಡುವೆ ಬದುಕುವುದರಿಂದ ನಮಗೆ ಆದ ಲಾಭಗಳಲ್ಲಿ ಇದೂ ಒಂದು ಅಂತ ಹಿರಿಯರು ನಗಾಡುತ್ತಿದ್ದರು. ನಾನು ಹೋದದ್ದು ಭಾವನ ಜೊತೆ. ಭಾವನದ್ದು ಒಂದು ಬಿಳಿ ಕೋಳಿ, ತುಳುವಿನಲ್ಲಿ ಬೊಳ್ಳೆ. ಆ ಕೋಳಿಗೆ ಮನೆಯಲ್ಲಿ ಅಕ್ಕನಿಗಿಂತ ಜಾಸ್ತಿ ಮರ್ಯಾದೆ ಇತ್ತು. ಭಾವ ಬೀಡಿ ಹಚ್ಚಲು ಪಕ್ಕಕ್ಕೆ ಹೋದರು. ‘ಒಂದು ನಿಮಿಷ ಹಿಡ್ಕೊ ಮಾರಾಯ’ ಅಂತ ಕೋಳಿಯನ್ನು ನನ್ನ ಕೈಗೆ ಕೊಟ್ಟರು.

ಆ ಒಂದು ನಿಮಿಷದಲ್ಲಿ ಜೀಪು ಬಂತು.

ನೂರೈವತ್ತು ಜನ ಇದ್ದಿರಬಹುದು. ಎಲ್ಲರೂ ಗೇರುಮರಗಳ ನಡುವೆ ಮಾಯವಾದರು. ಭಾವ ಎಲ್ಲರಿಗಿಂತ ಮೊದಲು. ನನಗೆ ಕೋಳಿಯನ್ನು ಬಿಟ್ಟು ಓಡಬೇಕು ಅಂತ ಹೊಳೆಯಲಿಲ್ಲ. ಕೋಳಿ ಹಿಡಿದುಕೊಂಡೇ ಓಡಿದೆ, ಮುರಕಲ್ಲಿನ ಗುಂಡಿಗೆ ಕಾಲು ಹಾಕಿ ಬಿದ್ದೆ. ಸಿಕ್ಕಿದ್ದು ಆರು ಜನ, ಒಂಬತ್ತು ಕೋಳಿ. ಆರು ಜನರಲ್ಲಿ ಒಬ್ಬ ಹದಿನೇಳರ ಹುಡುಗ. ಅವನ ವಯಸ್ಸು ಕೇಳಿ, ಬೈದು, ಅಪ್ಪನನ್ನು ಕರೆಸಿ ಕಳಿಸಿದರು. ಜೇಬಿನಲ್ಲಿ ಪಣದ ದುಡ್ಡು ಸಿಕ್ಕಿದವರಿಗೆ ಜೂಜಿನ ಕಾಯ್ದೆಯೂ ಬಿತ್ತು. ನನ್ನ ಜೇಬಿನಲ್ಲಿ ಬಸ್ಸಿನ ಚಿಲ್ಲರೆ ಬಿಟ್ಟರೆ ಏನೂ ಇರಲಿಲ್ಲ. ನನ್ನ ಪಾಲಿಗೆ ಬಂದದ್ದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960, ಹನ್ನೊಂದನೇ ಕಲಂ. ಮೊದಲ ಸಲದ ತಪ್ಪಿಗೆ ದಂಡ ಹತ್ತು ರೂಪಾಯಿಗಿಂತ ಕಡಿಮೆ ಇರಬಾರದು, ಐವತ್ತಕ್ಕಿಂತ ಜಾಸ್ತಿ ಇರಬಾರದು. 1960ರಲ್ಲಿ ಐವತ್ತು ರೂಪಾಯಿಗೆ ಒಂದು ಬೆಲೆ ಇತ್ತು. ಕಾಯ್ದೆ ಮಾತ್ರ ಅಲ್ಲೇ ನಿಂತಿದೆ.

ಕೋರ್ಟಿನ ವರಾಂಡದಲ್ಲಿ ವಕೀಲರ ಗುಮಾಸ್ತ ಒಬ್ಬರು ಹೇಳಿದರು, ‘ಎಂಥ ತಲೆಬಿಸಿ ಮಾಡ್ತೀ. ಒಪ್ಪಿಕೊಂಡುಬಿಡು, ಹನ್ನೆರಡು ಗಂಟೆ ಬಸ್ಸಿಗೆ ಮನೆಗೆ ಹೋಗಬಹುದು.’ ಒಪ್ಪಿಕೊಂಡೆ. ಐವತ್ತು ಕಟ್ಟಿದೆ. ಹನ್ನೆರಡು ಗಂಟೆಯ ಬಸ್ಸು ಸಿಕ್ಕಿತು.

ಕೋಳಿಗಳನ್ನು ಠಾಣೆಯ ಅಂಗಳದಲ್ಲಿ ಹರಾಜು ಹಾಕಿದರು. ನಮ್ಮ ಕಡೆ ಇದು ಮಾಮೂಲು. ಕೋಳಿಯೂ ಒಂದು ಸಾಕ್ಷಿ, ಆದರೆ ಸಾಕ್ಷಿಗೆ ದಿನಾ ಅಕ್ಕಿ ಹಾಕುವವರು ಯಾರು? ಹರಾಜಿಗೆ ಭಾವ ಬಿಳಿ ಅಂಗಿ ಹಾಕಿಕೊಂಡು, ಏನೂ ಗೊತ್ತಿಲ್ಲದವರ ಹಾಗೆ ಹೋಗಿ ತಮ್ಮ ಕೋಳಿಯನ್ನು ತಾವೇ ಕೊಂಡುಕೊಂಡು ಬಂದರು. 1,200 ರೂಪಾಯಿ. ಕೋಳಿಗೆ 1,200, ನನಗೆ 50. ಈ ಲೆಕ್ಕವನ್ನು ಅಕ್ಕ ಇವತ್ತಿಗೂ ಹೇಳಿ ನಗುತ್ತಾಳೆ.

ಹದಿನಾರು ವರ್ಷ ಅದು ನಗೆಯ ಕಥೆಯಾಗಿಯೇ ಇತ್ತು. ಮದುವೆಮನೆಗಳಲ್ಲಿ ನಾನೇ ಹೇಳುತ್ತಿದ್ದೆ. ಒಂಬತ್ತನೇ ಪ್ರಶ್ನೆ ಬಂದ ದಿನದಿಂದ ಅದು ನಗೆಯ ಕಥೆ ಆಗಿ ಉಳಿಯಲಿಲ್ಲ.

ಹೆಡ್ಮಾಷ್ಟ್ರು ತೋರಿಸಿದ ನಿಯಮವನ್ನು ನಾನೂ ಆಮೇಲೆ ಕೂತು ಓದಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆ ಬಂದದ್ದು 2012ರಲ್ಲಿ. ಅದರ ಹೊಸ ನಿಯಮಗಳು ಬಂದದ್ದು 2020ರ ಮಾರ್ಚಿನಲ್ಲಿ. ಮಕ್ಕಳು ಇರುವ, ಮಕ್ಕಳ ಜೊತೆ ನಿತ್ಯ ಒಡನಾಟ ಇರುವ ಯಾವುದೇ ಸಂಸ್ಥೆ, ಅಂದರೆ ಶಾಲೆ, ಶಿಶುವಿಹಾರ, ಕ್ರೀಡಾ ತರಬೇತಿ ಕೇಂದ್ರ ಎಲ್ಲವೂ, ತನ್ನ ಸಿಬ್ಬಂದಿಯ ಬಗ್ಗೆ ಪೊಲೀಸ್ ಪರಿಶೀಲನೆ ಮಾಡಿಸಬೇಕು. ಪಾಠ ಮಾಡುವವರು ಮಾತ್ರ ಅಲ್ಲ, ಮಾಡದವರದ್ದೂ. ಕಾಯಂ ನೌಕರರದ್ದು ಮಾತ್ರ ಅಲ್ಲ, ಗುತ್ತಿಗೆಯವರದ್ದೂ. ಒಂದು ಸಲ ಮಾಡಿಸಿ ಬಿಡುವುದಲ್ಲ, ಆಗಾಗ ಮಾಡಿಸುತ್ತಿರಬೇಕು.

ಒಳ್ಳೆಯ ನಿಯಮ. ನನಗೂ ಒಬ್ಬಳು ಮಗಳಿದ್ದಾಳೆ, ಇದನ್ನು ಬೇಡ ಅನ್ನಲು ನನ್ನಿಂದ ಆಗುವುದಿಲ್ಲ. ಆದರೆ ಪರಿಶೀಲನೆ ಮಾಡಿದ ಮೇಲೆ ಏನು? ಯಾವ ಕೇಸು ಇದ್ದರೆ ಒಳಗೆ ಬಿಡಬಾರದು, ಯಾವುದು ಇದ್ದರೂ ಪರವಾಗಿಲ್ಲ? ನಿಯಮದಲ್ಲಿ ಅಂಥ ಪಟ್ಟಿ ಇಲ್ಲ. ಮಗುವಿನ ಮೇಲೆ ಕೈ ಮಾಡಿದವನೂ, ಹೆಲ್ಮೆಟ್ ಜಗಳದಲ್ಲಿ ಪೊಲೀಸಿಗೆ ಎದುರು ಮಾತಾಡಿದವನೂ, ಕೋಳಿ ಹಿಡಿದುಕೊಂಡು ಬಿದ್ದವನೂ ಒಂದೇ ಗೆರೆಯಲ್ಲಿ ಬಂದು ನಿಲ್ಲುತ್ತಾರೆ. ಯಾರು ಯಾವ ತೂಕದವರು ಅಂತ ನೋಡುವ ಕೆಲಸ ಹೆಡ್ಮಾಷ್ಟ್ರ ತಲೆಗೆ. ಅವರು ಗಣಿತದ ಮಾಷ್ಟ್ರು. ಅವರಿಗೆ ಇದನ್ನು ಯಾರೂ ಕಲಿಸಿಲ್ಲ.

ಹೋಲಿಸಿ ನೋಡಿ. 1997ರಲ್ಲಿ ದೆಹಲಿಯ ಶಾಲಾ ಬಸ್ಸುಗಳ ಬಗ್ಗೆ ಸುಪ್ರೀಂ ಕೋರ್ಟು ಒಂದು ಆದೇಶ ಮಾಡಿತ್ತು. ಕೆಂಪು ಸಿಗ್ನಲ್ ದಾಟಿದಂಥ ತಪ್ಪಿಗೆ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಸಲ ಚಲನ್ ಆದ ಡ್ರೈವರ್ ಬೇಡ. ಕುಡಿದು ಓಡಿಸಿದ್ದಕ್ಕೆ, ಅತಿ ವೇಗಕ್ಕೆ ಒಂದೇ ಸಲ ಸಿಕ್ಕಿಬಿದ್ದಿದ್ದರೂ ಬೇಡ. ಇದು ಅರ್ಥವಾಗುವ ಮಾತು. ಕೆಲಸ ಯಾವುದು, ಅದಕ್ಕೆ ಅಪಾಯ ಯಾವುದು ಅಂತ ನೋಡಿ ಬರೆದದ್ದು. ಬಸ್ಸು ಓಡಿಸುವವನು ಹಿಂದೊಮ್ಮೆ ಕೋಳಿ ಹಿಡಿದಿದ್ದನಾ ಅಂತ ಅದು ಕೇಳುವುದಿಲ್ಲ.

ಆ ನಾಲ್ಕು ದಿನಗಳಲ್ಲಿ ಸಲಹೆ ಕೊಟ್ಟವರೆಲ್ಲ ಒಂದೇ ಮಾತು ಹೇಳಿದರು. ‘ಬರೆಯಬೇಡ.’ ಹೆಂಡತಿ ಹೇಳಿದಳು. ಭಾವ ಫೋನ್ ಮಾಡಿ ಹೇಳಿದರು. ಪೊಲೀಸ್ ಪತ್ರಕ್ಕೆ ಅರ್ಜಿ ಹಾಕಲು ಸರ್ಕಾರಿ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದಾಗ, ಕೇರಳ ಪೊಲೀಸರ ತುಣ ಪೋರ್ಟಲ್‌ನಲ್ಲಿ ನನ್ನ ವಿವರ ತುಂಬಿಸುತ್ತಿದ್ದ ಹುಡುಗಿಯೂ ಹೇಳಿದಳು, ‘ಅಣ್ಣಾ, ಅಷ್ಟು ಹಳೆಯದು ಕಂಪ್ಯೂಟರಿನಲ್ಲಿ ಇರ್ಲಿಕ್ಕಿಲ್ಲ. ಸುಮ್ನೆ ಯಾಕೆ?’

ನಾನು ಧರ್ಮರಾಯನ ಪಾತ್ರ ಮಾಡಿದ್ದೇನೆ, ಆದರೆ ಧರ್ಮರಾಯ ಅಲ್ಲ. ಬರೆದದ್ದು ಭಯದಿಂದ. ವಕೀಲರಾದ ಗೆಳೆಯರೊಬ್ಬರು ಒಂದು ತೀರ್ಪಿನ ಬಗ್ಗೆ ಹೇಳಿದ್ದರು. 2016ರ ಜುಲೈ, ಅವತಾರ್ ಸಿಂಗ್ ಪ್ರಕರಣ, ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ. ಕೆಲಸಕ್ಕೆ ಸೇರುವಾಗ ಹಳೆಯ ಕೇಸಿನ ವಿಷಯ ಮುಚ್ಚಿಟ್ಟರೆ ಏನು ಮಾಡಬೇಕು ಅನ್ನುವುದು ಅಲ್ಲಿಯ ಪ್ರಶ್ನೆ. ಕೇಳಿದ್ದಕ್ಕೆ ನಿಜ ಹೇಳಬೇಕು. ಮುಚ್ಚಿಟ್ಟದ್ದು ಚಿಲ್ಲರೆ ವಿಷಯವಾದರೆ, ಉದಾಹರಣೆಗೆ ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದ್ದು, ಕೆಲಸ ಕೊಡುವವರು ಅದನ್ನು ಮನ್ನಿಸಬಹುದು. ಮುಂದಿನ ಮಾತು ಮುಖ್ಯ. ನೀವು ಪೂರ್ತಿ ನಿಜ ಹೇಳಿದರೂ ಅವರು ನಿಮ್ಮ ಹಿನ್ನೆಲೆಯನ್ನು ತೂಗಿ ನೋಡಬಹುದು. ಕೆಲಸ ಕೊಡಲೇಬೇಕು ಅಂತ ಇಲ್ಲ.

ಅಂದರೆ ಮುಚ್ಚಿಟ್ಟು ಸಿಕ್ಕಿಬಿದ್ದರೆ ಸುಳ್ಳುಗಾರ. ಹೇಳಿದರೆ ಅನುಮಾನದ ಮನುಷ್ಯ. ಮುಚ್ಚಿಟ್ಟು ಸಿಕ್ಕಿಬೀಳದಿದ್ದರೆ ಮಾತ್ರ ಮರ್ಯಾದಸ್ಥ. ತೀರ್ಪು ಇದ್ದದ್ದು ಸರ್ಕಾರಿ ನೌಕರಿಯ ಬಗ್ಗೆ, ನನ್ನದು ಒಂದು ಶಾಲು ಒಂದು ಲಕೋಟೆಯ ಕೆಲಸ. ಆದರೂ ನನಗೆ ಸುಳ್ಳುಗಾರ ಅನ್ನಿಸಿಕೊಳ್ಳುವುದಕ್ಕಿಂತ ಅನುಮಾನದ ಮನುಷ್ಯ ಅನ್ನಿಸಿಕೊಳ್ಳುವುದೇ ಸುಲಭ ಅಂತ ಕಂಡಿತು. ಮಕ್ಕಳ ಎದುರು ನಿಲ್ಲಬೇಕಲ್ಲ.

ಘೋಷಣೆಯ ಮಾತು ಬಂದಾಗ ಗೆಳೆಯರೂ ನಾನೂ ಒಟ್ಟಿಗೇ ನಕ್ಕೆವು. ಕಾಸರಗೋಡಿನಲ್ಲಿ ಘೋಷಣೆ ಕೂಗದ ಕನ್ನಡಿಗ ಇದ್ದಾನಾ? 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಹೋದಾಗಿನಿಂದ ಕೂಗುತ್ತಲೇ ಇದ್ದೇವೆ. ಕನ್ನಡ ಬಾರದ ಮಾಷ್ಟ್ರನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡಲು ಕಳಿಸಿದರು ಅಂತ ಹೆತ್ತವರು ಮತ್ತೆ ಮತ್ತೆ ಗೇಟಿನ ಹೊರಗೆ ಕೂತಿದ್ದಾರೆ. ನನ್ನ ಪರಿಚಯದ ಒಬ್ಬ ಹುಡುಗನ ಮೇಲೆ ಅಂಥ ಒಂದು ರಸ್ತೆ ತಡೆಯ ಕೇಸು ಇದೆ. ಅವನು ಈಗ ಬಿ.ಎಡ್. ಮುಗಿಸಿ ಮಾಷ್ಟ್ರ ಕೆಲಸ ಹುಡುಕುತ್ತಿದ್ದಾನೆ. ಮಕ್ಕಳಿಗೆ ಮಾಷ್ಟ್ರು ಬೇಕು ಅಂತ ಕೂಗಿದ್ದಕ್ಕೆ ಬಿದ್ದ ಕೇಸು, ಅವನೇ ಮಕ್ಕಳಿಗೆ ಮಾಷ್ಟ್ರಾಗುವ ಹೊತ್ತಿಗೆ ಅಡ್ಡ ನಿಂತಿದೆ. ಅವನೂ ಒಂದು ಗೆರೆಯ ಮುಂದೆ ಪೆನ್ನು ಹಿಡಿದು ಕೂತಿರುತ್ತಾನೆ.

ಐದನೇ ದಿನ ನಾನು ಬರೆದು ಕೊಟ್ಟೆ. ಹೆಡ್ಮಾಷ್ಟ್ರು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ‘ಇದನ್ನು ನಾನೊಬ್ಬನೇ ತೀರ್ಮಾನ ಮಾಡಲಿಕ್ಕೆ ಆಗುವುದಿಲ್ಲ ಮಾಷ್ಟ್ರೇ. ಪಿಟಿಎಗೆ ಇಡಬೇಕು.’

ಪಿಟಿಎ ಅಂದರೆ ಹೆತ್ತವರೂ ಮಾಷ್ಟ್ರುಗಳೂ ಸೇರಿದ ಸಂಘ. ಸಭೆ ನಡೆದದ್ದು ಏಳನೇ ಕ್ಲಾಸಿನ ಕೋಣೆಯಲ್ಲಿ. ನಾವೆಲ್ಲ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದೆವು. ಗೋಡೆಯಲ್ಲಿ 1098 ಅಂತ ದೊಡ್ಡದಾಗಿ ಬರೆದಿತ್ತು, ಮಕ್ಕಳು ತೊಂದರೆಯಾದರೆ ಫೋನ್ ಮಾಡುವ ನಂಬರು. ಮೊದಲ ಹತ್ತು ನಿಮಿಷ ಎಲ್ಲರೂ ನಗುತ್ತಲೇ ಮಾತಾಡಿದರು. ಕೋಳಿ ಕೇಸೂ ಒಂದು ಕೇಸಾ, ನಮ್ಮ ಅಜ್ಜನ ಮೇಲೆ ನಾಲ್ಕಿತ್ತು, ಅಂಕ ನಿಲ್ಲಿಸಿದರೆ ದೈವಕ್ಕೆ ಸಿಟ್ಟು ಬರುತ್ತದೆ, ಹೀಗೆ. ನಾನೂ ನಗುತ್ತಿದ್ದೆ. ಮುಗಿಯಿತು ಅಂದುಕೊಂಡೆ.

ಆಗ ಹಿಂದಿನ ಬೆಂಚಿನಿಂದ ಮದರ್ ಪಿಟಿಎಯ ಒಬ್ಬರು ಎದ್ದರು. ಅವರ ಮಗಳು ಹಿಂದಿನ ವರ್ಷ ನನ್ನ ಹತ್ತಿರ ಕಲಿತವಳು, ಒಳ್ಳೆಯ ಲಯ ಇದ್ದ ಹುಡುಗಿ.

‘ಮಾಷ್ಟ್ರೇ, ಕೇಸಿನ ವಿಷಯ ನಂಗೆ ಬೇಡ. ಬೇರೆ ಒಂದು ಕೇಳ್ತೇನೆ. ಕೋಳಿಯ ಕಾಲಿಗೆ ಬಾಳು, ಆ ಸಣ್ಣ ಕತ್ತಿ, ಕಟ್ಟಿ ಬಿಡ್ತಾರಲ್ಲ, ಅದು ನೋಡುವಾಗ ನಿಮಗೆ ಎಂಥ ಆಗ್ತಿತ್ತು?’

ಕೋಣೆಯಲ್ಲಿ ನಗು ನಿಂತಿತು.

ನಾನು ಹೇಳಿದೆ, ‘ಖುಷಿ ಆಗ್ತಿತ್ತು ಅಕ್ಕ.’

‘ಈಗ?’

‘ಈಗ ಹೋಗುವುದಿಲ್ಲ. ಹೋಗದೆ ಹದಿನಾರು ವರ್ಷ ಆಯ್ತು.’

‘ಹೋಗ್ತೀರಾ ಅಂತ ನಾನು ಕೇಳಲಿಲ್ಲ.’

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರೋ ‘ಇರಲಿ ಬಿಡಿ ಅಕ್ಕ’ ಅಂದರು. ಅವರು ಕೂತರು. ಹೆಡ್ಮಾಷ್ಟ್ರು ಫ್ಯಾನಿನ ಸ್ವಿಚ್ಚು ಜಾಸ್ತಿ ಮಾಡಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೊದಲು ಸಿಟ್ಟು ಬಂತು. ಊರಿನ ಅರ್ಧ ಗಂಡಸರಿಗೆ ಕೇಳಬೇಕಾದ ಪ್ರಶ್ನೆಯನ್ನು ನನಗೊಬ್ಬನಿಗೆ ಕೇಳಿದರಲ್ಲ ಅಂತ. ಅವರ ಗಂಡನೂ ಅಂಕಕ್ಕೆ ಹೋಗುತ್ತಾನೆ, ನಾನೇ ನೋಡಿದ್ದೇನೆ. ಆಮೇಲೆ ಆ ಬಿಳಿ ಕೋಳಿ ನೆನಪಾಯಿತು. ಮುರಕಲ್ಲಿನ ಗುಂಡಿಯಲ್ಲಿ ಬಿದ್ದಾಗ ಅದರ ಎದೆ ನನ್ನ ಅಂಗೈಯಲ್ಲಿ ಡಬಡಬ ಹೊಡೆದುಕೊಳ್ಳುತ್ತಿತ್ತು. ಹರಾಜಿನಲ್ಲಿ ವಾಪಸ್ ಬಂದ ಅದೇ ಕೋಳಿ ಮುಂದಿನ ತಿಂಗಳು ಇನ್ನೊಂದು ಅಂಕದಲ್ಲಿ ಸತ್ತಿತು. ನಾವು ಅದರ ಸುಕ್ಕ ಮಾಡಿಕೊಂಡು ನೀರುದೋಸೆಯ ಜೊತೆ ತಿಂದೆವು. ನಾನು ಅಂಕಕ್ಕೆ ಹೋಗುವುದನ್ನು ಬಿಟ್ಟದ್ದು ಕನಿಕರದಿಂದ ಅಲ್ಲ. ಇನ್ನೊಂದು ಸಲ ಸಿಕ್ಕಿದರೆ ಜೈಲೂ ಆಗಬಹುದು ಅಂತ ಯಾರೋ ಹೆದರಿಸಿದ್ದರು. ಮೂರು ವರ್ಷದೊಳಗೆ ಎರಡನೇ ಸಲ ಸಿಕ್ಕಿದರೆ ನೂರು ರೂಪಾಯಿಯವರೆಗೆ ದಂಡ, ಇಲ್ಲವೇ ಮೂರು ತಿಂಗಳ ಜೈಲು, ಇಲ್ಲವೇ ಎರಡೂ. ಕಾನೂನು ನನ್ನನ್ನು ಅಲ್ಲಿಂದ ದೂರ ಇಟ್ಟಿತು. ಆ ಅಕ್ಕ ಕೇಳಿದ ವಿಷಯಕ್ಕೆ ಅದು ಕೈ ಹಾಕಿಯೇ ಇರಲಿಲ್ಲ.

ಪೊಲೀಸ್ ಪರಿಶೀಲನೆ, ಹಿನ್ನೆಲೆ ತಪಾಸಣೆ ಅನ್ನುತ್ತಾರಲ್ಲ, ನನ್ನ ಬದುಕಿನಲ್ಲಿ ಅದನ್ನು ನಿಜವಾಗಿ ಮಾಡಿದವರು ಅವರೊಬ್ಬರೇ. ಪೊಲೀಸ್ ಪತ್ರ ಮೂರು ವಾರದ ಮೇಲೆ ಬಂತು. ಅದರಲ್ಲಿ ನನ್ನ ಮೇಲೆ ಯಾವ ಕೇಸೂ ಇಲ್ಲ ಅಂತ ಇತ್ತು.

ಹೌದು. ಏನೂ ಇರಲಿಲ್ಲ. ಅಕ್ಷಯದ ಹುಡುಗಿ ಹೇಳಿದ್ದೇ ಸರಿ. ದೇಶದ ಠಾಣೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸುವ ಯೋಜನೆ ಶುರುವಾದದ್ದೇ 2009ರಲ್ಲಿ. ನನ್ನ ಐವತ್ತು ರೂಪಾಯಿ ಅದಕ್ಕಿಂತ ಹಿಂದಿನದು, ಯಾವ ರಿಜಿಸ್ಟರಿನಲ್ಲಿ ಗೆದ್ದಲು ತಿನ್ನುತ್ತಿದೆಯೋ. ಹೆಡ್ಮಾಷ್ಟ್ರು ಪತ್ರವನ್ನೂ ನನ್ನ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ‘ನಿಮ್ಮ ಬಾಯಿಯೇ ನಿಮಗೆ ಶತ್ರು ಮಾಷ್ಟ್ರೇ’ ಅಂದರು. ತಮಾಷೆಗೆ ಹೇಳಿದ್ದು. ಆದರೆ ಎದುರಿಗೆ ಕೂತಿದ್ದ ಚೆಂಡೆಯ ಮಾಷ್ಟ್ರು ಅದನ್ನು ಗಮನವಿಟ್ಟು ಕೇಳಿಸಿಕೊಂಡರು. ನಾಳೆ ಅವರಿಗೂ ಆ ಕಾಗದ ಬರುತ್ತದೆ. ಹೇಳಿದವನಿಗೆ ಏನಾಗುತ್ತದೆ ಅಂತ ಅವರು ನೋಡಿಬಿಟ್ಟರು. ಅವರಿಗೆ ಹೇಳಲು ಏನಾದರೂ ಇದ್ದರೂ ಇನ್ನು ಹೇಳುವುದಿಲ್ಲ.

ಇದು ನನ್ನನ್ನು ಕಾಡುವ ವಿಷಯ. ನನ್ನ ಕೇಸಿಗಿಂತ ಜಾಸ್ತಿ.

ಈ ಪತ್ರ ತೋರಿಸುವುದು ಯಾರು ಸಿಕ್ಕಿಬಿದ್ದರು ಅನ್ನುವುದನ್ನು ಮಾತ್ರ, ಅದೂ ಸಿಕ್ಕಿಬಿದ್ದವರಲ್ಲಿ ಎಲ್ಲರನ್ನೂ ಅಲ್ಲ. 2007ರಲ್ಲೇ, ನಾನು ಸಿಕ್ಕಿಬಿದ್ದ ವರ್ಷವೇ, ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಒಂದು ದೊಡ್ಡ ಅಧ್ಯಯನ ಹೊರತಂದಿತ್ತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಲೈಂಗಿಕವಾಗಿ ಹಿಂಸಿಸಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಯದವರು, ಇಲ್ಲವೇ ಮಗು ನಂಬಿದವರು. ಮತ್ತು ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿಯೇ ಇರಲಿಲ್ಲ. ಮಗು ಹೇಳದಿದ್ದರೆ ದೂರು ಇಲ್ಲ. ದೂರು ಇಲ್ಲದಿದ್ದರೆ ಕೇಸು ಇಲ್ಲ. ಕೇಸು ಇಲ್ಲದಿದ್ದರೆ ಪತ್ರ ಬಿಳಿ. ನಾವು ಹೆದರಬೇಕಾದ ಮನುಷ್ಯ ಆ ಬಿಳಿ ಪತ್ರವನ್ನು ಲ್ಯಾಮಿನೇಟ್ ಮಾಡಿಸಿ ಫೈಲಿನಲ್ಲಿ ಇಟ್ಟುಕೊಂಡಿರುತ್ತಾನೆ.

ಭಾವನ ವಿಷಯ ಹೇಳಬೇಕು. ಭಾವ ಈಗ ಆಟೋ ಓಡಿಸುತ್ತಾರೆ. ಬೆಳಗ್ಗೆ ಎಂಟೂವರೆಗೆ ಎಂಟು ಮಕ್ಕಳನ್ನು ತುಂಬಿಸಿಕೊಂಡು ಶಾಲೆಗೆ ಬಿಡುತ್ತಾರೆ, ಸಂಜೆ ವಾಪಸ್. ಒಳ್ಳೆಯ ಮನುಷ್ಯ, ಮಕ್ಕಳಿಗೆ ಪೆಪ್ಪರ್‌ಮೆಂಟ್ ಕೊಡಿಸುತ್ತಾರೆ. ಅವರ ಹತ್ತಿರ ಯಾರೂ ಯಾವ ಕಾಗದವನ್ನೂ ಕೇಳಿಲ್ಲ. ಕೇಳಿದರೂ ಬಿಳಿಯೇ. ಅಂಕಕ್ಕೆ ಮೂವತ್ತು ವರ್ಷ ಹೋದವರು ಅವರು, ಕೋಳಿ ಅವರದ್ದು, ಪಣ ಅವರದ್ದು. ಕೇಸು ನನ್ನದು.

ಗುಮಾಸ್ತರ ಮಾತಿಗೆ ಹನ್ನೆರಡು ಗಂಟೆಯ ಬಸ್ಸು ಹತ್ತಿದೆನಲ್ಲ, ಅದರ ಬೆಲೆ ನನಗೆ ಗೊತ್ತಾದದ್ದೂ ಈಗಲೇ. ವಕೀಲ ಗೆಳೆಯರು ವಿವರಿಸಿದರು. 1958ರ ಒಂದು ಕಾಯ್ದೆ ಇದೆ, ಪರಿವೀಕ್ಷಣೆಯ ಕಾಯ್ದೆ, ಕೋರ್ಟಿನವರು ಪ್ರೊಬೇಷನ್ ಆಕ್ಟ್ ಅನ್ನುತ್ತಾರೆ. ಮೊದಲ ಸಲದ ಸಣ್ಣ ತಪ್ಪಿಗೆ ಮ್ಯಾಜಿಸ್ಟ್ರೇಟರು ದಂಡವನ್ನೂ ಹಾಕದೆ ಬುದ್ಧಿ ಹೇಳಿ ಬಿಡಬಹುದು. ಹಾಗೆ ಬಿಟ್ಟರೆ, ಶಿಕ್ಷೆಯಾದವರಿಗೆ ಕಾನೂನಿನಲ್ಲಿ ಅಂಟಿಕೊಳ್ಳುವ ಅನರ್ಹತೆ ಅಂಟುವುದಿಲ್ಲ ಅಂತ ಅದರ ಹನ್ನೆರಡನೇ ಕಲಂ ಹೇಳುತ್ತದೆ. ಕೇಳಿದ್ದರೆ ಸಿಗುತ್ತಿತ್ತೋ ಇಲ್ಲವೋ, ಆದರೆ ಕೇಳಬಹುದು ಅಂತಲೇ ಗೊತ್ತಿರಲಿಲ್ಲ. ಆ ದಿನ ಸಾಲಿನಲ್ಲಿ ನಿಂತ ಯಾರಿಗೂ ಗೊತ್ತಿರಲಿಲ್ಲ. ನಾವೆಲ್ಲ ಬಸ್ಸಿನ ಹೊತ್ತು ನೋಡುತ್ತಿದ್ದೆವು.

ಹದಿನೇಳರ ಹುಡುಗನಿಗಾದರೆ ಕಾನೂನೇ ಕೈ ಹಿಡಿದು ನಡೆಸುತ್ತದೆ. ಹದಿನೆಂಟು ತುಂಬದವರು ಮಾಡಿದ ತಪ್ಪು ಮುಂದೆ ಅವರಿಗೆ ಅಡ್ಡ ಬರಬಾರದು ಅನ್ನುವುದು ಬಾಲನ್ಯಾಯ ಕಾಯ್ದೆಯ ಮೂಲದಲ್ಲೇ ಇದೆ. ತೀರಾ ಘೋರ ಅಪರಾಧಗಳನ್ನು ಬಿಟ್ಟರೆ ದಾಖಲೆಯನ್ನೇ ನಾಶ ಮಾಡಬೇಕು ಅಂತ 2015ರ ಕಾಯ್ದೆ ಹೇಳುತ್ತದೆ. ಹದಿನೆಂಟು ದಾಟಿದರೆ ಆ ಕರುಣೆ ಮುಗಿಯಿತು. ಇಂತಿಷ್ಟು ವರ್ಷ ಸರಿಯಾಗಿ ಬದುಕಿದರೆ ಸಣ್ಣ ಶಿಕ್ಷೆಯೊಂದು ತಾನಾಗಿ ಅಳಿಯುತ್ತದೆ ಅನ್ನುವ ಸಾಮಾನ್ಯ ಕಾನೂನು ನಮ್ಮಲ್ಲಿ ಇಲ್ಲ.

ಇಂಗ್ಲೆಂಡಿನಲ್ಲಿ ಇದೆ. ನನ್ನ ದೊಡ್ಡಮ್ಮನ ಮೊಮ್ಮಗಳು ಅಲ್ಲಿ ಮಕ್ಕಳ ವಾರ್ಡಿನಲ್ಲಿ ನರ್ಸ್. ಅವಳ ಜೊತೆ ವಾಟ್ಸಾಪಿನಲ್ಲಿ ಈ ವಿಷಯ ಮಾತಾಡುತ್ತಿದ್ದೆ. ಅಲ್ಲಿ 1974ರಲ್ಲೇ ಅಂಥ ಕಾಯ್ದೆ ಬಂದಿದೆ. ಮಕ್ಕಳ ಜೊತೆಗಿನ ಕೆಲಸಕ್ಕೆ ತಪಾಸಣೆ ಇನ್ನೂ ಬಿಗಿ, ಹಳೆಯದನ್ನೂ ಕೆದಕುತ್ತಾರೆ. ಆದರೂ ದೊಡ್ಡವರಾದ ಮೇಲೆ ಮಾಡಿದ ಸಣ್ಣ ತಪ್ಪಾದರೆ, ಜೈಲು ಶಿಕ್ಷೆ ಆಗಿಲ್ಲದಿದ್ದರೆ, ಹನ್ನೊಂದು ವರ್ಷ ಕಳೆದ ಮೇಲೆ ಅದನ್ನು ಪತ್ರದಿಂದ ಸೋಸಿ ತೆಗೆಯುತ್ತಾರೆ. ಘೋರ ತಪ್ಪುಗಳದ್ದೇ ಬೇರೆ ಪಟ್ಟಿ ಇದೆ, ಅದರಲ್ಲಿ ಇರುವುದು ಎಷ್ಟು ಹಳೆಯದಾದರೂ ಹೋಗುವುದಿಲ್ಲ. ‘ಮಾವ, ನೀವು ಇಲ್ಲಿ ಇದ್ದಿದ್ದರೆ ಸೋಸಿ ಹೋಗ್ತಿದ್ರಿ’ ಅಂದಳು. ಸೋಸಿ ಹೋಗುವುದು ಅಂದರೆ ನನಗೆ ಅಡಿಕೆ ಕಣದ ಜರಡಿ ನೆನಪಾಗುತ್ತದೆ. ಅಲ್ಲಿಯೂ ಜರಡಿಯ ತೂತು ಎಷ್ಟು ದೊಡ್ಡದಿರಬೇಕು ಅನ್ನುವುದೇ ಜಗಳ. ಆದರೆ ಜರಡಿ ಅಂತ ಒಂದು ಇದೆಯಲ್ಲ.

ಕೊನೆಗೆ ಪಿಟಿಎಯವರು ನನ್ನನ್ನು ಬೇಡ ಅನ್ನಲಿಲ್ಲ. ಷರತ್ತು ಹಾಕಿದರು. ಕ್ಲಾಸು ನಡೆಯುವಾಗ ಕೋಣೆಯ ಎರಡೂ ಬಾಗಿಲು ತೆರೆದಿರಬೇಕು. ಹೆತ್ತವರಲ್ಲಿ ಒಬ್ಬರು ಅಲ್ಲೇ ಕೂತಿರಬೇಕು. ಕ್ಲಾಸು ತಡವಾದರೆ ನಾನು ಯಾವ ಮಗುವನ್ನೂ ಬೈಕಿನಲ್ಲಿ ಮನೆಗೆ ಬಿಡಬಾರದು, ಮಗುವಿನ ಮನೆಯವರೇ ಬರಬೇಕು. ಹೆಣ್ಣುಮಕ್ಕಳಿಗೆ ವೇಷ ಕಟ್ಟುವುದು ಹೆಂಗಸರೇ. ರಾತ್ರಿ ಮಕ್ಕಳಿಗೆ ನನ್ನ ಫೋನಿನಿಂದ ಮೆಸೇಜು ಹೋಗಬಾರದು, ಹೇಳುವುದಿದ್ದರೆ ಗ್ರೂಪಿನಲ್ಲಿ.

ಕೇಳಿದಾಗ ಕಿವಿ ಬಿಸಿಯಾಯಿತು. ಒಂಬತ್ತು ವರ್ಷ ಇವರ ಮಕ್ಕಳನ್ನು ಕುಣಿಸಿದ್ದೇನೆ, ಮಳೆಯಲ್ಲಿ ಮನೆಗೆ ಬಿಟ್ಟಿದ್ದೇನೆ, ಈಗ ನಾನು ಕಳ್ಳನಾ? ಇಷ್ಟು ಮಾಡಿಕೊಂಡು ಕಲಿಸುವ ಹಂಗು ನನಗೇನು ಅಂತ ಎದ್ದು ಬರಬೇಕು ಅಂದುಕೊಂಡೆ.

ಎದ್ದು ಬರಲಿಲ್ಲ. ಚೌಕಿ ನೆನಪಾಯಿತು.

ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟುವ ಜಾಗ, ನೋಡಿದವರಿಗೆ ಗೊತ್ತು. ಬಣ್ಣ, ಬೆವರು, ತೆಂಗಿನೆಣ್ಣೆಯ ವಾಸನೆ. ಮಗುವನ್ನು ಎದುರು ನಿಲ್ಲಿಸಿ ಕಚ್ಚೆ ಬಿಗಿಯಬೇಕು, ಸೊಂಟಕ್ಕೆ ಬಟ್ಟೆ ಸುತ್ತಬೇಕು, ಎದೆಗೆ ಕಟ್ಟಬೇಕು, ಗಲ್ಲ ಹಿಡಿದು ಬಣ್ಣ ಬರೆಯಬೇಕು. ಮಗು ಅಲ್ಲಾಡಬಾರದು. ದೊಡ್ಡವರು ಹೇಳಿದ ಹಾಗೆ ನಿಂತಿರಬೇಕು, ನೋವಾದರೂ ಬಾಯಿ ಬಿಡಬಾರದು, ‘ವೇಷಧಾರಿ ಆಗುವವನು ಇಷ್ಟಕ್ಕೆ ಅಳುವುದಾ’ ಅಂತ ನಾವೇ ಹೇಳಿಕೊಡುತ್ತೇವೆ. ಕ್ಲಾಸಿನಲ್ಲೂ ಹಾಗೆಯೇ. ಮಂಡಿ ಬಗ್ಗಿಸಲು ಕಾಲು ಹಿಡಿಯುತ್ತೇವೆ, ಬೆನ್ನು ನೆಟ್ಟಗಾಗಲು ಭುಜ ಒತ್ತುತ್ತೇವೆ. ಕೆಟ್ಟ ಮನುಷ್ಯನೊಬ್ಬ ಮಕ್ಕಳ ಹತ್ತಿರ ಹೋಗಬೇಕು ಅಂದುಕೊಂಡರೆ ಇದಕ್ಕಿಂತ ಸಲೀಸಾದ ಜಾಗ ಅವನಿಗೆ ಎಲ್ಲಿದೆ? ಒಂಬತ್ತು ವರ್ಷ ಮಕ್ಕಳು ನನ್ನ ಹತ್ತಿರ ಸುರಕ್ಷಿತವಾಗಿದ್ದರು. ಆದರೆ ಅವರನ್ನು ಕಾದದ್ದು ಶಾಲೆಯೂ ಅಲ್ಲ, ನಿಯಮವೂ ಅಲ್ಲ. ನಾನು ಅಂಥವನಲ್ಲ ಅನ್ನುವ ಒಂದು ಅದೃಷ್ಟ ಅಷ್ಟೇ. ಅದೃಷ್ಟದ ಮೇಲೆ ಬಿಡುವ ವಿಷಯವಾ ಇದು?

ಹಾಗಾಗಿ ಷರತ್ತಿಗೆ ಒಪ್ಪಿದೆ. ಒಪ್ಪಿ, ಒಂದು ಮಾತು ಕೇಳಿದೆ. ‘ಇದು ನನಗೆ ಮಾತ್ರವಾ? ಚೆಂಡೆಯವರಿಗೆ, ಕಬಡ್ಡಿಯವರಿಗೆ, ಟ್ಯೂಷನ್ ಟೀಚರಿಗೆ?’

ಪಿಟಿಎ ಅಧ್ಯಕ್ಷರು, ‘ಅವರ ಪತ್ರ ಕ್ಲಿಯರ್ ಇದೆಯಲ್ಲ ಮಾರಾಯ್ರೇ’ ಅಂದರು.

‘ನನ್ನದೂ ಕ್ಲಿಯರೇ ಇದೆಯಲ್ಲ ಸರ್’ ಅಂದೆ. ಹೆಡ್ಮಾಷ್ಟ್ರು ಈ ಸಲ ನಗಲಿಲ್ಲ. ಏನೋ ಬರೆದುಕೊಂಡರು. ಆ ವರ್ಷ ಷರತ್ತು ನನಗೊಬ್ಬನಿಗೇ ಇತ್ತು. ಮುಂದಿನ ವರ್ಷ ಚೆಂಡೆಯ ಕೋಣೆಯ ಬಾಗಿಲೂ ತೆರೆದಿರಲು ಶುರುವಾಯಿತು. ಶಬ್ದಕ್ಕೆ ಎಂಟನೇ ಕ್ಲಾಸಿನ ಟೀಚರು ದೂರು ಕೊಟ್ಟದ್ದರಿಂದ ಮತ್ತೆ ಮುಚ್ಚಿದರು. ಈಗ ಅರ್ಧ ತೆರೆದಿರುತ್ತದೆ.

ಉಪಜಿಲ್ಲಾ ಕಲೋತ್ಸವದ ದಿನ ನಮ್ಮ ಮಕ್ಕಳ ಸರದಿ ಬಂದಾಗ ರಾತ್ರಿ ಒಂಬತ್ತು ದಾಟಿತ್ತು. ಚೌಕಿ ಅಂದರೆ ಒಂದು ಲ್ಯಾಬಿನ ಕೋಣೆ. ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಆ ಅಕ್ಕ ಕೂತಿದ್ದರು, ಮಡಿಲಲ್ಲಿ ಮಕ್ಕಳ ಚಪ್ಪಲಿಗಳ ಚೀಲ. ಸಂಜೆ ಐದರಿಂದ ಎದ್ದಿರಲಿಲ್ಲ. ಮಗಳಿಗೆ ಕಚ್ಚೆ ಕಟ್ಟಿದ್ದು ಅವರೇ. ಮೂರು ತಿಂಗಳಲ್ಲಿ ನನಗಿಂತ ಚೆನ್ನಾಗಿ ಕಲಿತಿದ್ದರು, ನನ್ನ ಗಂಟು ಕುಣಿಯುವಾಗ ಸಡಿಲವಾಗುತ್ತದೆ, ಅವರದ್ದು ಆಗುವುದಿಲ್ಲ.

ನಾನು ಗೋಡೆಯ ಬದಿಗೆ ನಿಂತು ಹುಡುಗನೊಬ್ಬನ ಕಿರೀಟ ಕಟ್ಟುತ್ತಿದ್ದೆ. ಹಗ್ಗ ಬಿಗಿಯಾಗಿರಬೇಕು, ಅವನು ಮುಖ ಕಿವುಚಿದ. ಎಂದಿನಂತೆ ‘ಅಳಬೇಡ’ ಅನ್ನಲು ಬಾಯಿ ತೆರೆದೆ. ಕುರ್ಚಿಯಿಂದ ಅವರು ನನ್ನನ್ನೇ ನೋಡುತ್ತಿದ್ದರು.

‘ನೋವಾಗ್ತದಾ?’ ಅಂತ ಹುಡುಗನನ್ನು ಕೇಳಿದೆ.

‘ಹೂಂ ಮಾಷ್ಟ್ರೇ. ಇಲ್ಲಿ, ಕಿವಿಯ ಹಿಂದೆ.’

ಹಗ್ಗ ಬಿಚ್ಚಿ, ಬಟ್ಟೆಯ ಚೂರೊಂದನ್ನು ಮಡಚಿ ಇಟ್ಟು, ಮತ್ತೆ ಕಟ್ಟತೊಡಗಿದೆ. ಹೊರಗೆ ಚೆಂಡೆಗೆ ಶ್ರುತಿ ಮಾಡುವುದು ಕೇಳಿಸುತ್ತಿತ್ತು.